ಚೀಟಿ ಅಳಿಸುವ ಕಳ್ಳ

ನಮ್ಮವರು ಇದ್ದ ಕೊನೆಯ ದಿನವೂ ನಾವು ಜಗಳ ಆಡಿದೆವು. ವಿಶೇಷ ಏನಿಲ್ಲ, ದಿನದ ಜಗಳವೇ. ವಿಷಯ, ಅಂಗಡಿಯ ಪರದೆ.

ನಮ್ಮದು ಸ್ಟೀಲ್ ಪಾತ್ರೆ ಅಂಗಡಿ. ಮನೆ ಎದುರುಗಡೆ ಮಹಡಿಯಲ್ಲಿ. ನನ್ನ ಅಡುಗೆಮನೆಯಿಂದ ನೋಡಿದರೆ ಅಂಗಡಿಯ ಗಾಜಿನ ಕಿಟಕಿ ಕಾಣುತ್ತದೆ, ಅದರ ಹಿಂದೆ ನಮ್ಮವರು ಕಾಣಬೇಕು. ಕಾಣಲೇಬೇಕು. ಸಕ್ಕರೆ ಕಾಯಿಲೆಯ ಗಂಡನನ್ನು ಬೇಕರಿ ಇರುವ ಬೀದಿಯಲ್ಲಿ ಸುಮ್ಮನೆ ಬಿಡಲಾಗುವುದಿಲ್ಲ. ಆದರೆ ಈ ಮನುಷ್ಯ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕಿಟಕಿಗೆ ಪರದೆ ಎಳೆಯುತ್ತಿದ್ದರು.

“ಪರದೆ ಹಿಂದೆ ಏನ್ರೀ ನಡೀತಿದೆ?”

“ವ್ಯಾಪಾರ ಕಣೇ.”

“ವ್ಯಾಪಾರಕ್ಕೆ ಪರದೆ ಯಾಕೆ? ಬನ್ ತಿನ್ನೋಕೆ ತಾನೆ?”

“ಅಲ್ಲ ಕಣೇ, ಆ ಚೀಟಿಗಳಿಗೆ…”

“ಚೀಟಿಗಳಿಗೆ ನಾಚಿಕೆನಾ?”

ಅವರು ಮಾತು ಅಲ್ಲಿಗೇ ಬಿಟ್ಟರು. (ನನ್ನ ಎದುರು ಅವರು ಪೂರ್ತಿ ಮಾಡಿದ ಮಾತು ಕಡಿಮೆ.) ಮಾರನೆಯ ಬೆಳಗ್ಗೆ ಎಬ್ಬಿಸಲು ಹೋದೆ. ಅವರು ಏಳಲಿಲ್ಲ.

ಅಳುವಷ್ಟು ಅತ್ತೆ. ಆಮೇಲೆ ಅಂಗಡಿಗೆ ಬಂದೆ. ನಾನು ಮಾಡಿದ ಮೊದಲ ಘನಕಾರ್ಯ, ಆ ಪರದೆ ಕಿತ್ತದ್ದು. ಅದರ ಹಿಂದೆ ಬನ್ನಿನ ಕಾಗದ ಸಿಕ್ಕಿತು. “ನೋಡಿದ್ರಾ!” ಅಂದೆ. ಯಾರಿಗೆ ಅಂದೆನೋ.

ಕಂಪ್ಯೂಟರ್ ನನಗೆ ಬಾರದು. ಅದಕ್ಕೆ ಮೈದುನ ಬಂದು ಕೂತ. ಪ್ರತಿ ಪಾತ್ರೆಯ ವಿವರವನ್ನೂ ನಮ್ಮವರೇ ಅದರಲ್ಲಿ ತುಂಬಿಸಿಟ್ಟಿದ್ದರು. ಗುಂಡಿ ಒತ್ತಿದರೆ ಪಕ್ಕದ ಪುಟ್ಟ ಯಂತ್ರ ಒಂದು ಬಾರ್‌ಕೋಡ್ ಚೀಟಿ ಹೊರಗೆ ಚಾಚುತ್ತದೆ. ಮೇಲೆ ಹೆಸರು, ಕೆಳಗೆ ಕಪ್ಪು ಗೆರೆಗಳು. ಹೆಸರಿನ ಜಾಗದಲ್ಲಿ ಬೇರೆ ಅಂಗಡಿಯವರು ಹೆಸರು ಬರೆಯುತ್ತಾರೆ. ನಮ್ಮ ಸತ್ಯವಂತರು ಊನವನ್ನೂ ಬರೆದಿದ್ದರು. ‘ತಟ್ಟೆ. ಸದ್ದು ಜಾಸ್ತಿ.’ ‘ಸೌಟು. ಹಿಡಿ ಬಿಸಿಯಾಗುತ್ತೆ.’ ‘ದೊಡ್ಡ ಡಬ್ಬಿ. ಮುಚ್ಚಳ ಸಡಿಲ.’ ಗಿರಾಕಿಗಳು ಓದಿ ನಗುತ್ತಿದ್ದರು, ನಕ್ಕ ಮೇಲೆ ಚೌಕಾಸಿಗೆ ನಿಲ್ಲುತ್ತಿದ್ದರು.

ಕೆಲವು ವಾರ ಕಳೆಯಿತು. ಕಿಟಕಿ ಪಕ್ಕದ ಪಾತ್ರೆಗಳ ಚೀಟಿಗಳು ಬೋಳಾಗತೊಡಗಿದವು. ಹೆಸರಿಲ್ಲ, ಗೆರೆಯಿಲ್ಲ. ಗೆರೆ ಓದುವ ಯಂತ್ರಕ್ಕೆ ಹಿಡಿದರೆ ಅದು ಕುಂಯ್ ಅನ್ನುವುದಿಲ್ಲ. ಆಗ ಮೈದುನ ಬೆಲೆಯನ್ನು ಕೈಯಲ್ಲೇ ಒತ್ತುತ್ತಿದ್ದ. ಎಷ್ಟು ಒತ್ತುತ್ತಾನೆ, ಎಷ್ಟು ಜೇಬಿಗೆ ಹಾಕುತ್ತಾನೆ, ಯಾರು ಕಂಡರು? ಚೀಟಿ ಅಳಿಸುವವನೂ ಇವನೇ ಎಂದು ನನ್ನ ಸಿಐಡಿ ಬುದ್ಧಿ ತೀರ್ಪು ಕೊಟ್ಟಿತು.

ಹೊಸ ಚೀಟಿ ಹಚ್ಚಿಸಿದೆ. ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಅವನನ್ನೇ ನೋಡುತ್ತ ಕೂತೆ. ಅವನು ಕೆಮ್ಮಿದರೂ ನೋಡಿದೆ. ಅವನು ಮನೆಗೆ ಹೋದ ಮೇಲೆ ಹಳೆ ಬಟ್ಟೆಯ ಒಂದು ಪಟ್ಟಿ ಹರಿದು, ದೊಡ್ಡ ಡಬ್ಬಿಯ ಚೀಟಿಗೆ ಅಡ್ಡಲಾಗಿ ಬಿಗಿದು ಗಂಟು ಹಾಕಿದೆ. ಉಜ್ಜಬೇಕಾದರೆ ಗಂಟು ಬಿಚ್ಚಲೇಬೇಕು. ನನ್ನ ಗಂಟು ನನಗೆ ಗೊತ್ತು.

ದಿನಗಳು ಹೋದವು. ಚೀಟಿ ಮತ್ತೆ ಬೋಳು. ಗಂಟು ಮಾತ್ರ ಹಾಕಿದ ಹಾಗೇ ಇದೆ! ಗಂಟು ಮುಟ್ಟದೆ ಅಳಿಸಿದ್ದಾನೆ ಅಂದರೆ ಎಂಥ ನಿಪುಣ!

“ಬೀಗದ ಕೈ ಇಲ್ಲಿಡಪ್ಪಾ,” ಅಂದೆ. “ನಾಳೆಯಿಂದ ಬರಬೇಡ.”

ಅವನ ಮುಖ ಸಣ್ಣದಾಯಿತು. “ಅತ್ತಿಗೆ, ಅಣ್ಣನ ಅಂಗಡೀಲಿ ನಾನು ಕದೀತೀನಾ?”

“ಡಬ್ಬಿ ನೋಡು, ಆಮೇಲೆ ಮಾತಾಡು.”

ಅವನು ಗಂಟು ಬಿಚ್ಚಿದ. ಸುತ್ತ ಎಲ್ಲ ಬಿಳಿ. ಪಟ್ಟಿ ಇದ್ದ ಜಾಗದಲ್ಲಿ ಮಾತ್ರ ಅಕ್ಷರ ಕಪ್ಪಗೆ ನಿಂತಿತ್ತು. ‘ಮುಚ್ಚಳ ಸಡಿಲ.’

“ಈ ಬಟ್ಟೆ ಯಾವುದು ಅತ್ತಿಗೆ?”

“ಆ ದರಿದ್ರ ಪರದೆ.”

ಅವನು ಕಿಟಕಿ ನೋಡಿದ. ನಾನೂ ನೋಡಿದೆ. ಬಿಸಿಲು ನೇರ ಕಣ್ಣಿಗೆ ಹೊಡೆಯಿತು.

“ಕಳ್ಳ ಸಿಕ್ಕಿದ,” ಅಂದ. “ದಿನಾ ಪೂರ್ವದಿಂದ ಬರ್ತಾನೆ. ಈ ಚೀಟಿಗೆ ಶಾಯಿ ಇರಲ್ಲ ಅತ್ತಿಗೆ, ಶಾಖಕ್ಕೆ ಅಕ್ಷರ ಮೂಡೋದು. ಬಿಸಿಲಲ್ಲಿಟ್ರೆ ಮಾಸಿ ಹೋಗುತ್ತೆ. ಅಣ್ಣ ಅದಕ್ಕೇ ಪರದೆ ಎಳೀತಿದ್ದ.”

“ನಿನಗೆ ಮೊದಲೇ ಯಾಕೆ ಹೊಳೀಲಿಲ್ಲ?”

“ಬಾಗಿಲಲ್ಲಿ ನೀವು ನನ್ನನ್ನೇ ದುರುಗುಟ್ಟಿಕೊಂಡು ಕೂತಿದ್ರೆ, ನಾನು ಬಿಸಿಲು ನೋಡೋದು ಯಾವಾಗ?”

ಬೀಗದ ಕೈ ಅವನ ಜೇಬಿಗೆ ನಾನೇ ತುರುಕಿದೆ. ತಪ್ಪಾಯಿತು ಅನ್ನುವುದು ನನ್ನ ಬಾಯಲ್ಲಿ ಬರುವುದಿಲ್ಲ. ಬನ್ ತಂದುಕೊಟ್ಟೆ. ತಿಂದ.

ಪರದೆಯನ್ನು ಮತ್ತೆ ಕಿಟಕಿಗೆ ಕಟ್ಟಿದ್ದೇನೆ. ಈಗ ಬೆಳಗ್ಗೆ ಅದನ್ನು ಎಳೆಯುವವಳು ನಾನು. ಹರಿದ ಜಾಗಕ್ಕೆ ತೇಪೆ ಹಾಕಿಲ್ಲ. ಅಲ್ಲಿಂದ ಒಂದು ಕೋಲು ಬಿಸಿಲು ಬಂದು ದೊಡ್ಡ ಡಬ್ಬಿಯ ಮೇಲೆ ಬೀಳುತ್ತದೆ. ಅದಕ್ಕೆ ದಿನಾ ಹೊಸ ಚೀಟಿ ತೆಗೆಯುತ್ತೇನೆ. ಅದೊಂದು ಗುಂಡಿ ಒತ್ತಲು ಕಲಿತಿದ್ದೇನೆ.

“ಡಬ್ಬಿ ಪಕ್ಕಕ್ಕೆ ಸರಿಸಿದ್ರೆ ಆಯ್ತಲ್ಲ ಅತ್ತಿಗೆ, ದಿನಾ ಒಂದು ಚೀಟಿ ದಂಡ,” ಅನ್ನುತ್ತಾನೆ ಮೈದುನ.

ನಾನು ಸರಿಸುವುದಿಲ್ಲ. ಚೀಟಿ ಬೆಚ್ಚಗೆ, ನಿಧಾನವಾಗಿ ಹೊರಗೆ ಬರುತ್ತದೆ. ‘ದೊಡ್ಡ ಡಬ್ಬಿ. ಮುಚ್ಚಳ ಸಡಿಲ.’ ಪೂರ್ತಿ ಬರುವ ತನಕ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ.

ಆಮೇಲೆ ಅನ್ನುತ್ತೇನೆ, “ಗೊತ್ತಾಯ್ತು ಬಿಡ್ರೀ.”