ವಕೀಲರ ಅತ್ತೆಯವರ ನಿದ್ದೆ ಮತ್ತು ನನ್ನ ಬಲಗೈ ಹೆಬ್ಬೆರಳು

ಮಾನ್ಯರೇ,

ನಮ್ಮ ವಕೀಲರ ಪೂಜ್ಯ ಅತ್ತೆಯವರೂ, ವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನೇ ತುಳಿಯದೆ ದೊಡ್ಡ ದೊಡ್ಡ ಡಾಕ್ಟರುಗಳ ಯೋಗ್ಯತೆಯನ್ನು ಕುರ್ಚಿಯಲ್ಲಿ ಕೂತಲ್ಲೇ ನಿರ್ಧರಿಸಬಲ್ಲವರೂ ಆದ ತಮ್ಮ ಸನ್ನಿಧಿಗೆ, ಕೋರ್ಟಿನ ಎದುರು ಬೀದಿಯಲ್ಲಿ ಇಪ್ಪತ್ತಾರು ವರ್ಷ ಕೋಟು ಹೊಲಿದು, ಈಗ ಹನ್ನೊಂದು ತಿಂಗಳಿಂದ ಹೊಲಿಯಲಾಗದೆ ಕೂತಿರುವ ದರ್ಜಿಯ ಅನಂತ ವಂದನೆಗಳು. ತಮ್ಮ ಮಂಡಿನೋವು ಈಗ ಹೇಗಿದೆಯೆಂದು ಮೊದಲಿಗೇ ವಿಚಾರಿಸಿಕೊಳ್ಳುತ್ತೇನೆ, ಏಕೆಂದರೆ ನನ್ನ ಕಷ್ಟದಲ್ಲಿ ಅದರ ಪಾಲು ಸಣ್ಣದಲ್ಲ. ಈ ಪತ್ರದ ಬರವಣಿಗೆ ನನ್ನ ಹೆಂಡತಿಯದು, ಸಿಟ್ಟು ನನ್ನದು. ಕೆಲವು ಸಾಲುಗಳಲ್ಲಿ ಅದಲುಬದಲಾಗಿದ್ದರೆ ಮನ್ನಿಸಬೇಕು. ಇದರ ಇನ್ನೊಂದು ಪ್ರತಿಯನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ.

ತಮಗೆ ನನ್ನ ಮುಖ ನೆನಪಿರಲಿಕ್ಕಿಲ್ಲ. ತಮ್ಮ ನಡುಮನೆಯಲ್ಲಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸಲ ಕೂತಿದ್ದವನು ನಾನೇ. ಮೇಲಿನ ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಏಣಿಯಿಂದ ಬಿದ್ದು ನನ್ನ ಹೆಬ್ಬೆರಳು ಮುರಿಯಿತು. ಅದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಆಸ್ಪತ್ರೆಯವರು ಕೈಯನ್ನು ಉಸಿರುಗಟ್ಟುವಂತೆ ಪ್ಲಾಸ್ಟರಿನಲ್ಲಿ ಬಿಗಿದು, ಬೆರಳು ನೀಲಿಯಾಗುತ್ತಿದೆ ಎಂದು ನಾನು ಮೂರು ಸಲ ಹೋಗಿ ತೋರಿಸಿದಾಗಲೂ ಹಾಗೇ ಇರುತ್ತದೆ ಎಂದು ಮೂರು ಸಲವೂ ಮನೆಗೆ ಕಳಿಸಿದರು. ಈಗ ಆ ಹೆಬ್ಬೆರಳು ಇದೆ, ಆದರೆ ಮಡಚುವುದಿಲ್ಲ. ಕತ್ತರಿಯ ಕಣ್ಣಿಗೆ ತೂರಿಸಿದರೆ ಅಲ್ಲೇ ನೆಂಟರ ಹಾಗೆ ಸುಮ್ಮನೆ ಕೂತಿರುತ್ತದೆ.

ತಪ್ಪು ಪ್ಲಾಸ್ಟರಿನದು ಎಂದು ಕೋರ್ಟಿಗೆ ಹೇಳಲು ಒಬ್ಬ ಡಾಕ್ಟರು ಬೇಕು, ಅವರನ್ನು ತಜ್ಞ ಸಾಕ್ಷಿ ಎನ್ನುತ್ತಾರೆ ಎಂದು ತಮ್ಮ ಅಳಿಯಂದಿರು ತಿಳಿಸಿದಾಗ, ಅಂಥವರನ್ನು ಅವರ ಓದು, ಅನುಭವ ನೋಡಿ ಆರಿಸುತ್ತಾರೆಂದು ದಡ್ಡನಾದ ನಾನು ತಿಳಿದಿದ್ದೆ. ನಮ್ಮ ಮೊಕದ್ದಮೆ ನಡೆಯುವುದು ಊಟದ ನಂತರದ ಹೊತ್ತಿನಲ್ಲಿ, ಆಗ ನ್ಯಾಯಾಧೀಶರ ಕಣ್ಣು ಎಳೆಯುತ್ತಿರುತ್ತದೆ, ಆದ್ದರಿಂದ ಪ್ರತಿಯೊಬ್ಬ ಡಾಕ್ಟರನ್ನೂ ಮೊದಲು ತಮ್ಮೆದುರು ಮಾತಾಡಿಸಿ ನೋಡುವುದು ವಾಡಿಕೆ ಎಂಬುದು ಆಮೇಲೆ ತಿಳಿಯಿತು. "ನಮ್ಮತ್ತೆ ಎಚ್ಚರ ಇದ್ರೆ ಜಡ್ಜೂ ಎಚ್ಚರ ಇರ್ತಾರೆ. ಹದಿನಾಲ್ಕು ವರ್ಷದಲ್ಲಿ ಈ ಲೆಕ್ಕ ಒಂದು ಸಲವೂ ತಪ್ಪಿಲ್ಲ," ಎಂದು ತಮ್ಮ ಅಳಿಯಂದಿರು ಹೆಮ್ಮೆಯಿಂದ ಹೇಳಿದರು. ಅತ್ತೆಯ ಮೇಲೆ ಇಷ್ಟು ಭರವಸೆಯಿಟ್ಟ ಅಳಿಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಬಂದವರು ನನ್ನ ಕೈಯ ಪ್ಲಾಸ್ಟರನ್ನು ಕೊನೆಗೆ ಸ್ವತಃ ಕತ್ತರಿಸಿ ತೆಗೆದ, ಬೇರೆ ಆಸ್ಪತ್ರೆಯ ಮೂಳೆ ಡಾಕ್ಟರು. ಅವರ ಕೋಟಿನ ತೋಳು ಎರಡು ಬೆರಳಷ್ಟು ಗಿಡ್ಡ, ಎಡ ಹೆಗಲು ಇಳಿದಿತ್ತು, ಕೆಳಗಿನ ಗುಂಡಿ ಇರಲಿಲ್ಲ; ದರ್ಜಿಯ ಕಣ್ಣು, ಬೇಡವೆಂದರೂ ಕಾಣುತ್ತದೆ. ಅವರು ಹಳೆಯ ಲಕೋಟೆಯ ಹಿಂಭಾಗದಲ್ಲಿ ನನ್ನ ಹೆಬ್ಬೆರಳಿನ ಚಿತ್ರ ಬರೆದು, ಇದು ಪ್ಲಾಸ್ಟರಿನ ಬಿಗಿಯಿಂದಲೇ ಆದದ್ದೆಂದು ನನಗೆ ಅನಿಸುತ್ತದೆ, ಆದರೂ ಬಿದ್ದಾಗಲೇ ನರಕ್ಕೆ ಏಟಾಗಿತ್ತೇ ಎಂಬುದನ್ನೂ ತೂಗಿ ನೋಡಬೇಕು, ನೋಡಿದ್ದೇನೆ, ಹಾಗಾಗಿದ್ದ ಗುರುತಿಲ್ಲ ಎಂದು ಪ್ರಾಮಾಣಿಕವಾಗಿ ವಿವರಿಸತೊಡಗಿದರು. 'ಆದರೂ' ಎನ್ನುವಷ್ಟರಲ್ಲಿ ತಮ್ಮ ಗಲ್ಲ ಎದೆಗೆ ತಾಗಿತ್ತು. 'ಗುರುತಿಲ್ಲ' ಎಂಬ ಮುಖ್ಯ ಮಾತು ಹೊರಬೀಳುವ ಹೊತ್ತಿಗೆ ತಾವು ಗೊರಕೆಯ ಮೂಲಕ ತೀರ್ಪು ಕೊಟ್ಟಾಗಿತ್ತು. ಅವರು ಪಾಪ, ತಮಗೆ ಎಚ್ಚರವಾಗದಿರಲೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರನಡೆದರು.

ನಾನು ವಕೀಲರ ಕಾಲು ಹಿಡಿಯುವುದೊಂದು ಬಾಕಿ. ಅವರೂ ಮರುಗಿ, ಆ ಡಾಕ್ಟರಿಗೆ ಎಲ್ಲ ಗೊತ್ತು, ತೊಂದರೆಯಿರುವುದೇ ಅಲ್ಲಿ, ಆದರೂ ಒಳ್ಳೆಯದೊಂದು ಕೋಟು ಹಾಕಿಸಿದರೆ ಇನ್ನೊಮ್ಮೆ ನೋಡಬಹುದು ಎಂದರು. ಅಂಥ ಕೋಟನ್ನು ಈ ಬೀದಿಯಲ್ಲಿ ಹೊಲಿಯಬಲ್ಲವನು ನಾನೊಬ್ಬನೇ. ಹೊಲಿಯಲು ನನಗೆ ಹೆಬ್ಬೆರಳು ಬೇಕು, ಹೆಬ್ಬೆರಳು ಸರಿಯಿದ್ದರೆ ಡಾಕ್ಟರ ಸಾಕ್ಷಿಯೇ ಬೇಕಿಲ್ಲ. ಇದನ್ನು ಬಿಡಿಸಿ ಹೇಳಿದಾಗ ವಕೀಲರು, ಕಾನೂನಿನಲ್ಲಿ ಇಂಥ ಸೂಕ್ಷ್ಮಗಳು ಇದ್ದೇ ಇರುತ್ತವೆ ಎಂದು ಸಮಾಧಾನ ಮಾಡಿದರು.

ಎರಡನೆಯವರ ಬಗ್ಗೆ ಹೇಳಲು ನನ್ನ ಹೆಂಡತಿಯ ಅಕ್ಷರ ಸಾಲದು. ಎಂಥ ಕೋಟು, ಎಂಥ ಕಂಠ! ಕಿವಿಯ ಪಕ್ಕದಲ್ಲಷ್ಟೇ ನರೆತ ಕೂದಲು; ಅದನ್ನೂ ಅಳತೆ ಕೊಟ್ಟು ಮಾಡಿಸಿಕೊಂಡಂತಿತ್ತು. ಒಳಗೆ ಬಂದವರೇ ಅವರು ತಮ್ಮ ಎಡಮಂಡಿಯನ್ನು ನೋಡಿ, ನೋವು ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಎಂದು ಕೇಳಿದರು. ಆಮೇಲೆ ಒಂದೂಕಾಲು ಗಂಟೆ ತಾವು ಕಣ್ಣು ಮಿಟುಕಿಸಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ತಮ್ಮ ಮಂಡಿಯ ಚರಿತ್ರೆಯನ್ನು ಆದಿಯಿಂದ ಕೇಳಿದೆ. ನನ್ನ ಹೆಬ್ಬೆರಳಿನ ಸರದಿ ಬರುವಷ್ಟರಲ್ಲಿ ಅವರು ಹೊರಡುವ ಹೊತ್ತಾಯಿತು. "ಇವರೇ ಸರಿ, ಎಷ್ಟು ಚೆನ್ನಾಗಿ ತಿಳಿಸಿ ಹೇಳ್ತಾರೆ," ಎಂದು ತಾವು ಅಪ್ಪಣೆ ಕೊಡಿಸಿದಿರಿ. ಅಂದು ಸಂಜೆ ನನ್ನ ಹೆಂಡತಿ, "ನಿಮ್ಮ ಕೈ ನೋಡದ ಡಾಕ್ಟರು ನಿಮ್ಮ ಕೈ ಬಗ್ಗೆ ಏನು ಹೇಳ್ತಾರೆ?" ಎಂದು ಕೇಳಿದ್ದಳು. ದೊಡ್ಡವರ ವಿಷಯ ನಿನಗೆ ತಿಳಿಯುವುದಿಲ್ಲ ಎಂದು ನಾನು ಗದರಿದ್ದೆ. ಈ ವಾಕ್ಯವನ್ನು ಅವಳು ಎರಡು ಸಲ ಬರೆದು ಒಂದನ್ನು ಒಲ್ಲದ ಮನಸ್ಸಿನಿಂದ ಹೊಡೆದುಹಾಕಿದ್ದಾಳೆ.

ಸಾಕ್ಷಿ ಕಟಕಟೆಯಲ್ಲಿ ಅವರು ಮಾತಾಡಿದ್ದು ಕೇಳಿ ನ್ಯಾಯಾಧೀಶರು ಮುಂದಕ್ಕೆ ಬಾಗಿ ಕೂತರು. ತಮ್ಮ ಪರೀಕ್ಷೆ ಅಷ್ಟರಮಟ್ಟಿಗೆ ಬಲು ನಿಖರ. ಆಗ ಎದುರು ಪಕ್ಷದ ವಕೀಲರು ಎದ್ದು, "ಯಾವ ಕೈ, ಡಾಕ್ಟ್ರೇ?" ಎಂದು ಇಷ್ಟೇ ಕೇಳಿದರು. ನಮ್ಮ ತಜ್ಞರು ನನ್ನ ಕಡೆ ತಿರುಗಿದರು. ನಾಚಿಕೆಯ ಸ್ವಭಾವದ ನಾನು ಎರಡೂ ಕೈಗಳನ್ನು ಬೆಂಚಿನ ಅಂಚಿನಲ್ಲಿ ಒಂದೇ ಥರ ಇಟ್ಟುಕೊಂಡಿದ್ದೆ. ಅವರು ಕೊಂಚವೂ ಅಳುಕದೆ, ಅದೇ ಗಂಭೀರ ಕಂಠದಲ್ಲಿ, "ಎಡಗೈ. ಆ ಹೆಬ್ಬೆರಳು ಇನ್ನೆಂದೂ ಮಡಚುವುದಿಲ್ಲ," ಎಂದುಬಿಟ್ಟರು. ಅಷ್ಟು ದೊಡ್ಡ ಮನುಷ್ಯರ ಮಾತು ಸುಳ್ಳಾಗಬಾರದೆಂದು ನಾನು ಸಾಯಂಕಾಲದವರೆಗೆ ಎಡ ಹೆಬ್ಬೆರಳನ್ನೂ ನೆಟ್ಟಗೆ ಹಿಡಿದುಕೊಂಡೇ ಇದ್ದೆ. ಬಸ್ಸಿನ ಕಂಬಿಯನ್ನು ಎಂಟು ಬೆರಳಲ್ಲಿ ಹಿಡಿದು ಮನೆಗೆ ಬಂದೆ.

ನ್ಯಾಯಾಧೀಶರು ಪುಣ್ಯಾತ್ಮರು. ಕೈಯನ್ನು ಮುಟ್ಟಿ ನೋಡಿದ ಡಾಕ್ಟರನ್ನು ಮುಂದಿನ ತಾರೀಕಿಗೆ ಕರೆತನ್ನಿ, ಇದೇ ಕೊನೆಯ ಅವಕಾಶ ಎಂದಿದ್ದಾರೆ. ಅಂಥವರು ಇರುವುದು ಆ ಗಿಡ್ಡ ತೋಳಿನವರೊಬ್ಬರೇ. ಆದರೂ ವಾಡಿಕೆ ತಪ್ಪಿಸಬಾರದೆಂದು ತಮ್ಮ ಅಳಿಯಂದಿರು ಗುರುವಾರ ಮಧ್ಯಾಹ್ನ ಅವರನ್ನು ಮತ್ತೆ ತಮ್ಮೆದುರು ಕೂರಿಸಲಿದ್ದಾರೆ; ತಾವು ತೂಕಡಿಸಿದರೆ ಮೊಕದ್ದಮೆಯನ್ನೇ ಹಿಂದಕ್ಕೆ ಪಡೆಯುವುದು ಕ್ಷೇಮ ಎನ್ನುತ್ತಿದ್ದಾರೆ.

ಆದ್ದರಿಂದ ನನ್ನ ಬಿನ್ನಹ. ಗುರುವಾರದ ನಿದ್ದೆಯನ್ನು ತಾವು ಬುಧವಾರವೇ ಮುಗಿಸಿಟ್ಟುಕೊಳ್ಳಬೇಕು. ಅದು ಆಗದಿದ್ದರೆ ನನ್ನ ಹೆಬ್ಬೆರಳಿನ ನೋವನ್ನು ಆ ಒಂದು ಮಧ್ಯಾಹ್ನದ ಮಟ್ಟಿಗೆ ತಮ್ಮ ಮಂಡಿಗೆ ವರ್ಗಾಯಿಸಿಕೊಳ್ಳಬೇಕು. ಆಗ ತಾವು ಖಂಡಿತ ಎಚ್ಚರವಿರುತ್ತೀರಿ. ಅದೂ ಆಗದಿದ್ದರೆ, ಆಸ್ಪತ್ರೆಯವರು ಕರೆತರುವ ಡಾಕ್ಟರು ಮಾತಾಡುವಾಗ ಕೋರ್ಟಿಗೇ ದಯಮಾಡಿಸಿ, ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗೂ ಕೇಳುವಂತೆ ಗೊರಕೆ ಹೊಡೆಯಬೇಕು. ಆ ಮೂಳೆ ಡಾಕ್ಟರಿಗೆ ಬೇಕಿರುವುದು ಹನ್ನೊಂದು ನಿಮಿಷ. ನಾನು ಗಡಿಯಾರ ಹಿಡಿದು ನೋಡಿದ್ದೇನೆ. ನನಗೆ ಬೇರೇನೂ ಬರುವುದಿಲ್ಲ ತಾಯಿ, ಹೊಲಿಯುವುದೊಂದೇ ಬರುತ್ತಿದ್ದದ್ದು.

ಇಂತು, ಒಂದು ಬೆರಳಿನಷ್ಟು ಕಡಿಮೆಯಾದರೂ ಇನ್ನೂ ಉಳಿದಿರುವ ನಂಬಿಕೆಯೊಂದಿಗೆ,

ತಮ್ಮ ವಿಶ್ವಾಸಿ,
ಕೋರ್ಟಿನೆದುರಿನ ದರ್ಜಿ

ಮರೆತ ಮಾತು: ಗುಂಡಿ ಹಾಕಿಸಲೆಂದು ತಾವು ಕಳಿಸಿದ್ದ ಅಳಿಯಂದಿರ ಕರಿಕೋಟು ಈ ಪತ್ರದ ಜೊತೆಗಿದೆ. ಮೊದಲೆಲ್ಲ ನಿಂತ ನಿಲುವಿನಲ್ಲಿ ಮುಗಿಸುತ್ತಿದ್ದ ಕೆಲಸ. ಈ ಸಲ ಹೆಂಡತಿ ದಾರ ಪೋಣಿಸಿಕೊಟ್ಟರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು. ಗುಂಡಿ ನಿಂತರೆ ಅವರ ಅದೃಷ್ಟ. ಅವರು ವಾದಿಸಲು ಕೈ ಎತ್ತಿದಾಗ ಅದು ಕೋರ್ಟಿನ ನೆಲಕ್ಕೆ ಉದುರಿದರೆ ಮಾತ್ರ, ದಯವಿಟ್ಟು ಜೇಬಿಗೆ ಹಾಕಿಕೊಳ್ಳದೆ ಎತ್ತಿ ಸಾಕ್ಷಿಯೆಂದು ನ್ಯಾಯಾಧೀಶರ ಮೇಜಿನ ಮೇಲಿಡಲು ಹೇಳಿ. ನನ್ನ ಬಲಗೈ ಹೆಬ್ಬೆರಳನ್ನು ಅದು ಇಡೀ ಒಂದು ಬೆಳಗು ಮುಟ್ಟಿ ನೋಡಿದೆ.