ದುಂಡಗಿನ ವಸ್ತುವಿಗೆ ಕೆನ್ನೆ ಎಲ್ಲಿ?

ದೃಷ್ಟಿ ತಾಗುತ್ತದೆಂದು ನಾನು ನಂಬುವುದಿಲ್ಲ. ಆದರೆ ನಾನು ನಂಬುವುದಿಲ್ಲವೆಂಬ ಸಂಗತಿ ದೃಷ್ಟಿಗೆ ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನ ಮಾತ್ರ ಇದೆ. ಹಾಗಾಗಿ ನನ್ನ ಹೊಲಿಗೆ ಯಂತ್ರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೇನೆ. ಹಿತ್ತಲಿನ ಕುಂಬಳದ ಬಳ್ಳಿಗೆ ಹರಿದ ಚಪ್ಪಲಿ ಜೋತುಬಿಟ್ಟಿದ್ದೇನೆ. ಹೊಸ ಮಿಕ್ಸಿ ಬಂದಾಗ ಅದಕ್ಕೂ ಒಂದು ಕಾಡಿಗೆ ಬೊಟ್ಟು ಇಟ್ಟೆ. ಸ್ವಲ್ಪ ದಿನಕ್ಕೇ ಅದು ಸುಟ್ಟುಹೋಯಿತು. ಬೊಟ್ಟು ಇಡದಿದ್ದರೆ ಇನ್ನೂ ಮೊದಲೇ ಸುಡುತ್ತಿತ್ತು ಎಂದು ವಾದಿಸಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಜೊತೆ ವಾದಿಸಿ ಗೆದ್ದವರು ನಮ್ಮ ಸವಣೂರಿನಲ್ಲಿ ಇನ್ನೂ ಹುಟ್ಟಿಲ್ಲ.

ನನ್ನ ತಮ್ಮ ಪರಶುರಾಮ ಡಿಪ್ಲೊಮಾ ಓದುತ್ತಾನೆ. ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಪಂದ್ಯಕ್ಕೆಂದು ಒಂದು ರೋಬೋಟ್ ಮಾಡಲು ಕುಳಿತರು. ರೋಬೋಟ್ ಎಂದರೆ ಕೈಕಾಲು ಇರುತ್ತದೆ, ನಾಕು ಕೊಡ ನೀರು ತಂದೀತು ಎಂದುಕೊಂಡಿದ್ದ ನನಗೆ ನಿರಾಶೆಯಾಯಿತು. ಅದು ಬರೀ ದುಂಡು ಹಲಗೆ, ಎರಡು ಗಾಲಿ. ಬಿಳಿ ನೆಲದ ಮೇಲಿನ ಕರಿ ಗೆರೆ ಹಿಡಿದು, ಗೋಡೆಗಳ ನಡುವೆ ತಾನೇ ದಾರಿ ಹುಡುಕಿಕೊಂಡು ಹೋಗಬೇಕಂತೆ. ನಮ್ಮ ಊಟದ ಗಂಗಾಳವನ್ನು ಪ್ಲೈವುಡ್ ಮೇಲೆ ಬೋರಲು ಹಾಕಿ, ಸುತ್ತ ಗೆರೆ ಎಳೆದು ಕೊಯ್ದರು. ಮೊದಲನೆಯದರ ಅಂಚು ನಾನು ಹೊಸದಾಗಿ ಬಡಿಯಲು ಕಲಿತ ಕಾಲದ ರೊಟ್ಟಿಯಂತೆ ಹರಕು ಹರಕಾಗಿ ಬಂತು. ಎರಡನೆಯದರಲ್ಲಿ ಬ್ಯಾಟರಿ ಹಿಂದಕ್ಕೆ ಭಾರವಾಗಿ, ಅದು ಮೆರವಣಿಗೆಯ ಕುದುರೆಯಂತೆ ಮುಂದನ್ನು ಎತ್ತಿ ನಿಂತಿತು. ಮೂರನೆಯದಕ್ಕೆ ಗಾಲಿಗಳನ್ನು ನಟ್ಟನಡುವಿನ ಗೆರೆಗೆ ಕೂರಿಸಿ, ಬ್ಯಾಟರಿಯನ್ನು ನಡುವಿಗೆ ತಂದ ಮೇಲೆ ಮಾತು ಕೇಳತೊಡಗಿತು.

"ಇದರ ಮುಖಾ ಯಾವ ಕಡೆ ಐತೋ?" ಎಂದೆ.

"ಇದಕ್ಕ ಮುಖಾ ಯಾಕ ಬೇಕಕ್ಕಾ? ಮೂಲಿ ಇದ್ರ ತಿರುಗುವಾಗ ಗ್ವಾಡಿಗೆ ಸಿಕ್ಕೊಂತೈತಿ. ದುಂಡಗಿದ್ರ ನಿಂತಲ್ಲೇ ತಿರುಗಿ ಪಾರಾಗತೈತಿ."

"ನಮ್ಮ ಕಾಕಾನೂ ಹಂಗ. ಯಾವ ಕೆಲಸಕ್ಕೂ ಸಿಗಂಗಿಲ್ಲ."

ಅವನು ನಗಲಿಲ್ಲ. ಅದನ್ನು ಮಗುಚಿ ಹಾಕಿ ಅಡಿಯಲ್ಲಿ ಏನೇನೋ ತೋರಿಸಿ ವಿವರಿಸಿದ. ನಾನು ಬ್ಲೌಸಿನ ಕೊರಳಿಗೆ ಪಟ್ಟಿ ಹಚ್ಚುತ್ತಿದ್ದೆ. "ಹೂಂ" ಎಂದೆ.

ಆ ಬ್ಲೌಸು ಪಕ್ಕದ ಮನೆಯ ರೇಣುಕವ್ವನದು. ಅದನ್ನು ಕೇಳಲು ಬಂದವಳು ರೋಬೋಟ್ ಓಡುವುದನ್ನು ನೋಡಿ ಬಾಗಿಲಲ್ಲೇ ನಿಂತಳು. "ಯವ್ವಾ, ಎಷ್ಟ್ ಛಂದ ಓಡತೈತಬೇ! ಪರಶ್ಯಾ ಭಾಳ ಶಾಣ್ಯಾ ಬಿಡು." ಅಷ್ಟೇ ಅಂದದ್ದು. ನನಗೆ ಅಷ್ಟೇ ಸಾಕಾಯಿತು. ಹಿಂದೆ ಆಕೆ ನಮ್ಮ ಕೋಳಿಯನ್ನು ಹೊಗಳಿದ ಸಂಜೆಯೇ ಬೆಕ್ಕು ಅದನ್ನು ಒಯ್ದಿತ್ತು. ಗೂಡಿನ ಬಾಗಿಲು ತೆರೆದಿಟ್ಟವಳು ನಾನು, ಆ ಮಾತು ಬೇರೆ.

ಹಾನಗಲ್ಲಿನಲ್ಲಿ ಪಂದ್ಯ. ಹೊರಡುವ ದಿನ ಬೆಳಿಗ್ಗೆ ಪರಶು ಸ್ನಾನಕ್ಕೆ ಹೋದಾಗ ಕಾಡಿಗೆ ಡಬ್ಬಿ ತೆಗೆದೆ. ದೃಷ್ಟಿ ಬೊಟ್ಟನ್ನು ಕೆನ್ನೆಗೆ ಇಡಬೇಕು. ದುಂಡಗಿನ ವಸ್ತುವಿಗೆ ಕೆನ್ನೆ ಎಲ್ಲಿ? ಮೇಲಿಟ್ಟರೆ ತಮ್ಮ ನೋಡಿ ಒರೆಸುತ್ತಾನೆ. ಮಗುಚಿದೆ. ಅಡಿಯಲ್ಲಿ ಮಚ್ಚೆಯಂಥ ಎರಡು ಪುಟ್ಟ ಕರಿ ಮಣಿಗಳಿದ್ದವು. ಎಡಗಡೆಯದರ ಮೇಲೆ ಬೆರಳೊತ್ತಿ, ದಪ್ಪಗೆ ಬೊಟ್ಟು ಇಟ್ಟೆ. ಕರಿಯ ಮೇಲೆ ಕರಿ, ಯಾರಿಗೂ ಕಾಣುವುದಿಲ್ಲ. ಇಷ್ಟು ತಲೆ ಓಡುವವಳನ್ನು ಏಳನೇ ಇಯತ್ತೆಗೇ ಬಿಡಿಸಿದರಲ್ಲ ಎಂದು ನನ್ನ ಬಗ್ಗೆ ನನಗೇ ಕನಿಕರವಾಯಿತು.

ಸಂಜೆ ಪರಶು ಬಂದ. ಮುಖ ನೋಡಿದರೇ ಗೊತ್ತಾಯಿತು. ಬಿಟ್ಟ ಜಾಗದಿಂದ ರೋಬೋಟ್ ಮುಂದೆ ಹೋಗಲೇ ಇಲ್ಲವಂತೆ. ಇದ್ದಲ್ಲೇ ಎಡಕ್ಕೆ ಗರಗರ ತಿರುಗಿತಂತೆ. "ಗಿರಣಿ ಚಾಲೂ ಆತು, ಜ್ವಾಳಾ ತರ್ರಿ!" ಎಂದು ಹುಡುಗರು ಕೂಗಿದರಂತೆ. "ಎಲ್ಲಾ ಆ ರೇಣುಕವ್ವನ ಕಣ್ಣು" ಎಂದು ನಾನು ತೀರ್ಪು ಕೊಟ್ಟೆ. ಆಕೆಯ ಜೊತೆ ಮಾತು ಬಿಟ್ಟೆ. ಆಕೆಯ ಬ್ಲೌಸನ್ನು ಒಂದೇ ತೋಳಿಗೆ ನಿಲ್ಲಿಸಿ ಗೂಟಕ್ಕೆ ತೂಗುಹಾಕಿದೆ.

ಪರಶು ಊಟ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತ. ತಾನು ಬರೆದದ್ದನ್ನು ಅಳಿಸುತ್ತಾನೆ, ಮತ್ತೆ ಬರೆಯುತ್ತಾನೆ, ನೆಲಕ್ಕೆ ಬಿಡುತ್ತಾನೆ, ಅದು ತಿರುಗುತ್ತದೆ. ಹೀಗೇ ಕೆಲವು ದಿನ ನಡೆದು, ಕಡೆಗೊಮ್ಮೆ ಎಲ್ಲ ಮುಚ್ಚಿಟ್ಟು ಹೇಳಿದ: "ಇದು ನನ್ನ ಕೈಲೆ ಆಗು ಮಾತಲ್ಲಕ್ಕಾ. ಬರೋ ತಿಂಗಳ ಹುಬ್ಬಳ್ಳಿ ಪಂದ್ಯಕ್ಕ ನಾ ಬರಂಗಿಲ್ಲ ಅಂತ ಮಾಸ್ತರಿಗೆ ನಾಳೆ ಹೇಳಿಬಿಡ್ತೇನಿ. ಅದರ ಎಡಗಣ್ಣಿಗೆ ಬಿಳಿ ನೆಲಾನೂ ಕರೀನ ಕಾಣಾಕತ್ತೈತಿ. ಯಾಕ ಅಂತ ತಿಳೀವಲ್ದು."

ನನ್ನ ಕಾಲು ಪೆಡಲಿನ ಮೇಲೆಯೇ ನಿಂತಿತು. "ಅದಕ್ಕ ಕಣ್ಣು... ಅದಾವೇನೋ?"

"ಬುಡಕ ಎರಡು ಅದಾವು ಅಂತ ನಿನಗ ತೋರಿಸಿದ್ನೆಲ್ಲ. ಹೂಂ ಅಂದಿದ್ದಿ."

ಆ ಕ್ಷಣವೇ ಹೇಳಿದೆ ಎಂದು ಬರೆದರೆ ನನಗೆ ಶೋಭೆ. ಆದರೆ ಮೊದಲು ಚಹಾ ಮಾಡಿದೆ. ಆಮೇಲೆ ಸಕ್ಕರೆ ಕಡಿಮೆಯಾಯಿತೇನೋ ಎಂದು ಇನ್ನೊಂದು ಸಲ ಮಾಡಿದೆ. ಅಷ್ಟರಲ್ಲಿ ಅವನು ಸ್ಕ್ರೂ ಬಿಚ್ಚಿ ಒಂದು ಗಾಲಿಯನ್ನು ಕಿತ್ತಿಟ್ಟಿದ್ದ. ಎರಡನೆಯದಕ್ಕೆ ಕೈ ಹಾಕಿದಾಗ ನಾನು ಬಾಯಿ ಬಿಟ್ಟೆ.

"ಪರಶ್ಯಾ, ನಾ ಅದಕ್ಕ ಒಂದು ಬೊಟ್ಟು ಇಟ್ಟೇನಿ. ಬುಡಕ. ನಿನಗ ಕಾಣಬಾರದು ಅಂತ."

ಅವನು ನನ್ನನ್ನು ನೋಡಿದ, ರೋಬೋಟನ್ನು ನೋಡಿದ. "ನನಗ ಕಾಣಲಿಲ್ಲಕ್ಕಾ. ಅದಕ್ಕೂ ಕಾಣಲಿಲ್ಲ."

ಅರಳೆಯಿಂದ ಒರೆಸಿ, ಗಾಲಿ ಹಾಕಿ ಬಿಟ್ಟ. ಅಡ್ಡಾಡಿದ ದಾರಿಯೇ ಎಂಬಂತೆ ಅದು ಗೆರೆ ಹಿಡಿದು ಹೊರಟಿತು. ನನಗಿಂತ ಮೊದಲು ಅವನಿಗೇ ಕಣ್ಣಲ್ಲಿ ನೀರು ಬಂತು. ಆಮೇಲೆ ಎಷ್ಟೋ ದಿನ ನನ್ನೊಡನೆ ಮಾತಾಡಲಿಲ್ಲ. ರೊಟ್ಟಿ ಬೇಕಾದರೂ ಗೋಡೆಯನ್ನು ಕೇಳುತ್ತಿದ್ದ. ನಾನು ಬ್ಲೌಸಿಗೆ ಇನ್ನೊಂದು ತೋಳು ಹಚ್ಚಿ ರೇಣುಕವ್ವನ ಮನೆಗೆ ಹೋದೆ. "ಏನಬೇ, ಮಾತಿಲ್ಲ ಕತಿಯಿಲ್ಲ?" ಎಂದಳು. "ದಾರ ಸಿಕ್ಕಿರಲಿಲ್ಲಬೇ" ಎಂದೆ. ಆಕೆ ಇಂಥದ್ದನ್ನೆಲ್ಲ ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಹುಬ್ಬಳ್ಳಿಗೆ ಪರಶು ನನ್ನನ್ನೂ ಕರೆದೊಯ್ದ. "ನಿನ್ನ ಮನ್ಯಾಗ ಬಿಟ್ಟು ಬಂದ್ರ ನನಗ ಸಮಾಧಾನ ಇಲ್ಲ. ಕಣ್ಣ ಮುಂದ ಇರು." ಯಲವಿಗಿಯಲ್ಲಿ ರೈಲು ಹತ್ತಿದಾಗಿನಿಂದ ರೋಬೋಟಿನ ಪೆಟ್ಟಿಗೆ ಅವನ ತೊಡೆಯ ಮೇಲೆಯೇ ಇತ್ತು. ನಾನು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದೆ. ಪಂದ್ಯದಲ್ಲಿ ನಮ್ಮದು ಒಮ್ಮೆಯೂ ಗೋಡೆಗೆ ಸಿಗದೆ ಕೊನೆ ಮುಟ್ಟಿತು. ಪರಶು ಗೆಳೆಯರನ್ನು ಅಪ್ಪಿಕೊಂಡು ಕುಣಿದ. ನಾನೂ ಚಪ್ಪಾಳೆ ಹೊಡೆಯಲು ಕೈ ಎತ್ತಿದೆ. ಅಷ್ಟರಲ್ಲಿ ಪಕ್ಕದ ಅಂಕಣದಲ್ಲಿ, ಯಾವುದೋ ಊರಿನ ಹುಡುಗಿಯ ದುಂಡು ರೋಬೋಟ್ ಇದ್ದಲ್ಲೇ ಗರಗರ ತಿರುಗತೊಡಗಿತು. ಎಲ್ಲರೂ ಅದನ್ನು ನೋಡುತ್ತಿದ್ದರು. ನಾನೊಬ್ಬಳು ಮಾತ್ರ ಕತ್ತು ಉದ್ದ ಮಾಡಿ, ಜನರ ನಡುವೆ ಅವಳ ಅಕ್ಕನನ್ನು ಹುಡುಕುತ್ತಿದ್ದೆ.