ಚಕ್ರವಿಲ್ಲದ ಸೈಕಲ್ಲಿಗೆ ಶೀತ

ಎಂಟು ಜನ ಹತ್ತುತ್ತಾರೆ, ಒಬ್ಬನೇ ಹೊರಡುತ್ತಾನೆ, ಉಳಿದ ಏಳು ಜನ ಒಳಗೇ ಕೂತಿರುತ್ತಾರೆ. ಚಕ್ರ ಇಲ್ಲ, ಪೆಡಲ್ ಇಲ್ಲ, ಆದರೂ ಸೈಕಲ್ ಕೆಟ್ಟಿದೆ ಅಂತ ರಿಪೇರಿಗೆ ಕರೆ ಬರ್ತದೆ. ಏನು ಹೇಳಿ?

ಗೊತ್ತಾಗೂದಿಲ್ಲ, ಬಿಡಿ. ಹುಟ್ಟಿದ್ದೇ ಪಂಚರ್ ಹಾಕಲಿಕ್ಕೆ ಅನ್ನುವ ಹಾಗಿರುವ ನನ್ನ ಮಾವನಿಗೇ ಗೊತ್ತಾಗಲಿಲ್ಲ. ಗಲ್ಫಿನ ಮುಐದರ್ ಅನ್ನುವ ಊರಿನಲ್ಲಿ ಮಾವನದ್ದೊಂದು ಸೈಕಲ್ ರಿಪೇರಿ ಅಂಗಡಿ ಉಂಟು. ಹತ್ತನೇ ಕ್ಲಾಸಿನ ಗಣಿತಕ್ಕೂ ನನಗೂ ಸರಿಹೋಗದೆ ನಾನಿಲ್ಲಿಗೆ ಬಂದ ಲಾಗಾಯ್ತಿನಿಂದ ನೋಡ್ತಿದ್ದೇನೆ, ನೆಟ್ಟಗಿನ ಗಿರಾಕಿ ಅಂತ ಈ ಅಂಗಡಿಗೆ ಬರುವುದೇ ಇಲ್ಲ. ದಿನಕ್ಕೊಂದು ಅವಾಂತರ. ಈ ವಾರದ್ದು ಮಾತ್ರ ಎಲ್ಲವನ್ನೂ ಮೀರಿಸಿತು.

೧. ಗೇರಿಲ್ಲ, ಗ್ಯಾಸು

ಫೋನ್ ಮಾಡಿದ್ದು ಕಟ್ಟಡದ ಮಾಲೀಕರು, ಅರಬಿ ಅಜ್ಜ. ಹಳೇ ಸೈನಿಕರು. ನಮ್ಮ ಅಂಗಡಿಯನ್ನು ನಮಗೇ ಬಿಡುವುದೋ, ಪಕ್ಕದ ಕರಕ್ ಚಹಾದವನಿಗೆ ಕೊಡುವುದೋ ಅಂತ ಅವರಿನ್ನೂ ಯೋಚನೆ ಮಾಡ್ತಿದ್ದರು. ಹಾಗಾಗಿ ಅವರ ಫೋನ್ ಬಂದರೆ ಮಾವ ಎದ್ದು ನಿಂತೇ ಮಾತಾಡುದು.

"ಸೈಕಲ್ ಮಾಫಿ" ಅಂದರು ಅಜ್ಜ. ಸೈಕಲ್ ಇಲ್ಲ, ಅಂದರೆ ಆಗ್ತಾ ಇಲ್ಲ. ಶುಕ್ರವಾರ ಹಳೇ ಸೈನಿಕರ ಪಂದ್ಯ ಉಂಟು, ಅಷ್ಟರೊಳಗೆ ಸರಿಯಾಗಬೇಕು ಅಂತ ಅರ್ಧ ಅರಬಿ, ಅರ್ಧ ಹಿಂದಿಯಲ್ಲಿ ವಿವರಿಸಿದರು. ಮಾವ ಸೈಕಲ್ ರೇಸ್ ಅಂದುಕೊಂಡರು. ಎಷ್ಟು ಗೇರಿನದ್ದು ಅಂತ ಕೇಳಿದರೆ, ಗೇರಿಲ್ಲ, ಗ್ಯಾಸು ಅಂದರು ಅಜ್ಜ. ಎಂಟು ಹಾಕಿದರೆ ಒಂದು ಹೋಗ್ತದೆ, ಏಳು ಒಳಗೇ ಉಳೀತದೆ, ಪ್ರತಿ ಸಲ ಕೈಯಲ್ಲಿ ಎಳೆಯಬೇಕು ಅಂತಲೂ ಸೇರಿಸಿದರು.

ಮಾವ ಫೋನ್ ಇಟ್ಟು ಬೆವರು ಒರೆಸಿಕೊಂಡರು.

"ಎಂಟೆಂಟು ಮೊಮ್ಮಕ್ಕಳನ್ನು ಕೂರಿಸಿದರೆ ಎಳೆಯದೆ ಇನ್ನೆಂತ ಮಾಡುದು ಮಾರಾಯ? ಆ ದೊಡ್ಡ ಪಂಪು ಹಿಡ್ಕೊ."

೨. ಬರೀ ದಂಡ

ಅಜ್ಜನ ಮಜ್ಲಿಸ್ ಅಂದರೆ ಗಂಡಸರು ಕೂತು ಹರಟೆ ಹೊಡೆಯುವ ದೊಡ್ಡ ಕೋಣೆ. ಹೊರಗೆ ತಲೆ ಸುಡುವ ಬಿಸಿಲು, ಒಳಗೆ ಹಲ್ಲು ಕಟಕಟಿಸುವಷ್ಟು ಏಸಿ. ಅಜ್ಜನ ಡ್ರೈವರ್, ಕಾಸರಗೋಡಿನ ಚೇಟ, ಬಟ್ಟೆಯಲ್ಲಿ ಸುತ್ತಿದ ಉದ್ದದ ಗಂಟೊಂದನ್ನು ತಂದು ಮಲಗಿಸಿದ. ಮಾವ ಮೇಲಿಂದಲೇ ಮುಟ್ಟಿ ನೋಡಿ, ಇದು ಬರೀ ದಂಡ, ಚಕ್ರ ಎಲ್ಲಿ ಅಂತ ಕೇಳಿದರು. ಚೇಟ ಬಟ್ಟೆ ಬಿಚ್ಚಿದ.

ಮರದ ಹಿಡಿಯ ಹಳೇ ಮಿಲಿಟರಿ ರೈಫಲ್.

ಅಜ್ಜ ಅದನ್ನು ತೆರೆದು, ಒಳಗೆ ಗುಂಡಿಲ್ಲ ಅಂತ ಮೊದಲು ತೋರಿಸಿದರು. ಆಮೇಲೆ ವಿಷಯ ಹೇಳಿದರು. ಒಂದು ಗುಂಡು ಹಾರಿದ ಕೂಡಲೇ ಅದರ ಗ್ಯಾಸೇ ಖಾಲಿ ತೋಟೆಯನ್ನು ಆಚೆ ಎಸೆದು, ಮುಂದಿನದ್ದು ತಾನಾಗಿ ಒಳಗೆ ಬರುವ ಹಾಗೆ ಮಾಡಬೇಕು. ಈ ಹೋಗಿಬರುವ ಓಡಾಟಕ್ಕೇ ಮಿಲಿಟರಿಯವರು ಸೈಕಲ್ ಅನ್ನುದಂತೆ. ಅದು ಅರ್ಧದಲ್ಲಿ ನಿಲ್ತಾ ಇತ್ತು.

ಮಾವ ಮೆಲ್ಲ ಪಂಪನ್ನು ಬೆನ್ನ ಹಿಂದೆ ಅಡಗಿಸಿದರು. ಕೂತಿದ್ದ ಮಾವನ ತಲೆಯ ಮೇಲೆ ಅದರ ಹಿಡಿ ಎರಡು ಕೊಂಬಿನ ಹಾಗೆ ಕಾಣ್ತಿತ್ತು.

೩. ಬಾರ್ಡರಿನ ಪೆಟ್ಟು

ತಪ್ಪಾಯಿತು ಅಂತ ಹೇಳಿ ಮಾವ ಎದ್ದರು, ಬಾಗಿಲ ಕಡೆ ಎರಡು ಹೆಜ್ಜೆ ಕುಂಟಿದರು. ಅವರ ಎಡಗಾಲು ಸ್ವಲ್ಪ ಊನ. ಏನಾಯಿತು ಕಾಲಿಗೆ ಅಂತ ಅಜ್ಜ ಕೇಳಿದರು. ನನಗೆ ಸುಮ್ಮನೆ ಕೂತು ಕೂತು ಮೈಯೆಲ್ಲ ತುರಿಸ್ತಿತ್ತು.

"ಬಾರ್ಡರಿನಲ್ಲಿ ಪೆಟ್ಟಾದದ್ದು ಬಾಬಾ" ಅಂದೆ.

ಅಜ್ಜ ಎದ್ದು ನಿಂತು ಸೆಲ್ಯೂಟ್ ಹೊಡೆದರು. ಗಾಬರಿಯಲ್ಲಿ ಮಾವನೂ ಹೊಡೆದರು, ಪಂಪು ಹಿಡಿದ ಕೈಯಲ್ಲೇ. ಇಬ್ಬರು ಯೋಧರು ಒಟ್ಟಿಗೆ ಕೂತು ನೋಡುವ ಅಂತ ಅಜ್ಜ ಮಾವನನ್ನು ರೈಫಲ್ಲಿನ ಎದುರು ಕೂರಿಸಿದರು. ಈಗ ಆಗೂದಿಲ್ಲ ಅಂದರೆ ಅಂಗಡಿಯೂ ಹೋಯಿತು, ಯೋಧನ ಮಾನವೂ ಹೋಯಿತು. ಮಾವ ನನ್ನನ್ನು ನೋಡಿದ ನೋಟದಲ್ಲಿ ಒಂದು ಟ್ಯೂಬ್ ಸುಟ್ಟುಹೋಗಬಹುದಿತ್ತು.

ನಾನು ಸುಳ್ಳು ಹೇಳಲಿಲ್ಲ ಮಾರಾಯ್ರೆ. ಮಾವ ಸ್ಕೂಟರಿನಿಂದ ಬಿದ್ದದ್ದು ತಲಪಾಡಿ ಚೆಕ್‌ಪೋಸ್ಟಿನಲ್ಲಿ. ಈಚೆ ಕರ್ನಾಟಕ, ಆಚೆ ಕೇರಳ. ಬಾರ್ಡರೇ ಅಲ್ವಾ?

೪. ಮಿಲಿಟರಿ ಎಣ್ಣೆ

ಮಾವ ಗೊತ್ತಿದ್ದವರ ಹಾಗೆ ಬಗ್ಗಿದರು. ಮೂಸಿದರು. ಇನ್ನೊಮ್ಮೆ ಮೂಸಿದರು. ಒಳಗೆ ಬೆಳ್ಳಗೆ, ಬೆಣ್ಣೆಯ ಹಾಗೆ ಏನೋ ಗಟ್ಟಿ ಕೂತಿತ್ತು. ಮಾವ ನನ್ನ ಕಿವಿಯಲ್ಲಿ ತುಳುವಿನಲ್ಲಿ, ಇದು ನಿನ್ನ ಅತ್ತೆ ತಲೆಗೆ ಹಚ್ಚುವ ವಾಸನೆ ಮಾರಾಯ ಅಂದರು.

ಕಾಸರಗೋಡಿನವರಿಗೆ ತುಳು ಅರ್ಥವಾಗ್ತದೆ ಅನ್ನುದು ಮಾವನಿಗೆ ಮರೆತುಹೋಗಿತ್ತು. ಚೇಟನ ಮುಖ ಬಿಳುಚಿತು. ಅಜ್ಜ ಎಣ್ಣೆ ಹಾಕು ಅಂದದ್ದಕ್ಕೆ ಅವನು ಮನೆಯಿಂದ ತಂದ ತೆಂಗಿನೆಣ್ಣೆಯನ್ನು ಧಾರಾಳವಾಗಿ ಸುರಿದಿದ್ದ. ಏಸಿಯ ಚಳಿಗೆ ಅದು ಒಳಗೇ ಹೆಪ್ಪುಗಟ್ಟಿತ್ತು.

ಅಜ್ಜನಿಗೆ ಕೇಳದ ಹಾಗೆ ಚೇಟ ನಮ್ಮ ಹತ್ತಿರ ಗೋಗರೆದ: "ಎಣ್ಣೆ ಅಂತ ಹೇಳಿದ್ರು, ಯಾವುದು ಅಂತ ಹೇಳ್ಲಿಲ್ಲ. ನಮ್ಮಲ್ಲಿ ಎಣ್ಣೆ ಅಂದರೆ ಇದೊಂದೇ ಅಲ್ವಾ?"

ಹೌದಲ್ಲ ಅಂದರು ಮಾವ. ನಮ್ಮಲ್ಲೂ ಅದೊಂದೇ.

೫. ರೋಗ

ಏನು ರೋಗ ಅಂತ ಅಜ್ಜ ಕೇಳಿದರು. ನಿಜ ಹೇಳಿದರೆ ಚೇಟನ ಕೆಲಸ ಹೋಗ್ತದೆ, ಹೇಳದಿದ್ದರೆ ನಮ್ಮ ಅಂಗಡಿ. ಮಾವ ರೈಫಲ್ಲಿನ ಮೈ ಮುಟ್ಟಿ ನೋಡಿ ತೀರ್ಪು ಕೊಟ್ಟರು.

"ಬಾಬಾ, ಇದಕ್ಕೆ ಶೀತ ಆಗಿದೆ."

ಅಜ್ಜ ಗಂಭೀರವಾಗಿ ತಲೆಯಾಡಿಸಿದರು. ರೈಫಲ್ಲನ್ನು ತಾವೇ ಹೊತ್ತು ಅಂಗಳದ ಬಿಸಿಲಿಗೆ ನಡೆದರು. ಎಣ್ಣೆ ಕರಗಿ ಇಳಿಯಿತು, ಮಾವ ಕೈಗೆ ಸಿಕ್ಕಿದಷ್ಟನ್ನು ಬಟ್ಟೆಯಲ್ಲಿ ಒರೆಸಿದರು. ಅಜ್ಜ ಖಾಲಿ ರೈಫಲ್ಲಿನ ಕೀಲನ್ನು ಎಳೆದು ಬಿಟ್ಟರೆ ಠಕ್ ಅಂತ ಹೋಗಿ ಬಂತು. ಮಾವನನ್ನು ತಬ್ಬಿಕೊಂಡರು.

ರೈಫಲ್ ಗುಣವಾಯಿತು, ಕಷ್ಟ ಬಂದದ್ದು ನೆಂಟರಿಗೆ. ಇನ್ನು ಮಜ್ಲಿಸಿನಲ್ಲಿ ಏಸಿ ಹಾಕಬಾರದು ಅಂತ ಅಪ್ಪಣೆಯಾಯಿತು. ಸಂಜೆ ಬಂದವರೆಲ್ಲ ಬೆವರಿನಲ್ಲಿ ತೊಯ್ದು ಕೂತಿದ್ದರು, ರೈಫಲ್ ಮಾತ್ರ ಕಂಬಳಿ ಹೊದ್ದು ಮಲಗಿತ್ತು.

೬. ಶುಕ್ರವಾರ

ಶುಕ್ರವಾರ ಅಜ್ಜ ನಮ್ಮನ್ನೂ ಪಂದ್ಯಕ್ಕೆ ಕರೆದುಕೊಂಡು ಹೋದರು. ಅಲ್ಲಿಯೂ ಏಸಿ. ಮಾವ ಕಣ್ಣು ಮುಚ್ಚಿ ಊರಿನ ದೈವಗಳನ್ನೆಲ್ಲ ಕರೆದರು. ಒಂದು ಹೋಯಿತು, ಎರಡು ಹೋಯಿತು, ಎಂಟೂ ಹೋಯಿತು. ಕಾದ ರೈಫಲ್ಲಿನಿಂದ ತೆಳ್ಳಗೆ ಹೊಗೆ ಎದ್ದಿತು, ಅದರ ಜೊತೆ ಬಾಳೆಕಾಯಿ ಚಿಪ್ಸ್ ಕರಿಯುವ ಘಮ. ಪಕ್ಕದ ಮುದುಕರೆಲ್ಲ ಗುರಿ ಬಿಟ್ಟು ಕ್ಯಾಂಟೀನ್ ಎಲ್ಲಿ ಅಂತ ತಿರುಗಿ ನೋಡಿದರು. ಅಷ್ಟರಲ್ಲಿ ಅಜ್ಜ ಗೆದ್ದಾಗಿತ್ತು. ಅಂಗಡಿ ನಿಮಗೇ, ಖಲಾಸ್ ಅಂದರು.

ಮಾವನಿಗೂ ಹೀಗೇ ಹೇಳಿ ಸಮಾಧಾನ ಮಾಡಿದ್ದೇನೆ. ಯಾಕೆಂದರೆ ಇವತ್ತು ಬುಧವಾರ. ಶುಕ್ರವಾರ ಇನ್ನೂ ಬರಲೇ ಇಲ್ಲ. ಮಾವ ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೀತಿದ್ದಾರೆ, ನಾನು ಅವರ ಹಿಂದೆ. ಕೊನೆಗೆ ಏನಾಗ್ತದೋ ಅಂತ ಕಾದು ಕೂರಲಿಕ್ಕೆ ನನ್ನಿಂದ ಆಗೂದಿಲ್ಲ ಮಾರಾಯ್ರೆ, ಅದಕ್ಕೇ ನಾನೇ ಒಂದು ಕೊನೆ ಕಟ್ಟಿದೆ.